ಕಿರುಕೋಣೆಗೆ ತಕ್ಕ ಧ್ವನಿಪೆಟ್ಟಿಗೆ

ಹತ್ತಡಿ ಅಗಲ, ಹನ್ನೆರಡಡಿ ಉದ್ದದ ನಡುಮನೆಯಲ್ಲಿ ಎದೆಯೆತ್ತರದ ಧ್ವನಿಪೆಟ್ಟಿಗೆಗಳೆರಡನ್ನು ತಂದು ನಿಲ್ಲಿಸಿ, ಅವುಗಳ ಮುಂದೆ ಕುಳಿತು ಖ್ಯಾಲನ್ನೋ ಕೃತಿಯನ್ನೋ ಆಲಿಸುವ ಗೃಹಸ್ಥರು ನಮ್ಮ ನಗರಗಳಲ್ಲಿ ಅಲ್ಲಲ್ಲಿ ಕಾಣಸಿಗುತ್ತಾರೆ. ಅವರ ಸಂಗೀತಪ್ರೇಮವನ್ನು ನಾನು ಶಂಕಿಸುವವನಲ್ಲ. ಮಾಡಿದ ವೆಚ್ಚಕ್ಕೆ ತಕ್ಕ ಸುಖ ಅವರಿಗೆ ದೊರೆಯುತ್ತಿದೆಯೇ ಎಂಬ ವಿಷಯದಲ್ಲಿ ಮಾತ್ರ ನನಗೆ ಬಲವಾದ ಸಂದೇಹವಿದೆ. ನಮ್ಮ ಮನೆಗಳ ಅಳತೆಗೂ, ಅವುಗಳ ಗೋಡೆ ನೆಲಗಳ ಸ್ವಭಾವಕ್ಕೂ, ಎಲ್ಲಕ್ಕಿಂತ ಮಿಗಿಲಾಗಿ ನಮ್ಮಲ್ಲಿ ಬಹುಮಂದಿ ಕೇಳುವ ಸಂಗೀತದ ಪ್ರಕೃತಿಗೂ ಒಪ್ಪತಕ್ಕದ್ದು, ಅಂಗಡಿಯವರು ಬುಕ್‌ಶೆಲ್ಫ್ ಸ್ಪೀಕರ್ ಎಂದು ಕರೆಯುವ, ಅಡಿಯೆತ್ತರದ ಕಿರಿಯ ಪೆಟ್ಟಿಗೆಗಳ ಜೋಡಿಯೇ ಎಂಬುದು ನನ್ನ ಅಭಿಪ್ರಾಯ. ಹಣವುಳ್ಳವರೂ ಅದನ್ನೇ ಮೊದಲ ಆಯ್ಕೆಯಾಗಿ ಪರಿಗಣಿಸಬೇಕೆಂಬಷ್ಟರ ಮಟ್ಟಿಗೆ ಈ ಅಭಿಪ್ರಾಯವನ್ನು ನಾನು ಎಳೆಯಬಲ್ಲೆ.

ದೊಡ್ಡ ದನಿಗೆ ದೊಡ್ಡ ಪೆಟ್ಟಿಗೆಯೇ ಬೇಕೆಂಬ ನಂಬಿಕೆ ನಿರಾಧಾರವಾದುದೇನಲ್ಲ. 1950ರ ದಶಕದ ಆದಿಭಾಗದವರೆಗೂ ಮಂದ್ರಸ್ವರಗಳನ್ನು ನೆಟ್ಟಗೆ ನುಡಿಸಬಲ್ಲ ಪೆಟ್ಟಿಗೆಯೆಂದರೆ ಬಟ್ಟೆಯ ಬೀರುವಿನಷ್ಟು ಗಾತ್ರದ್ದೇ ಆಗಿರುತ್ತಿತ್ತು. ಎಡ್ಗರ್ ವಿಲ್ಚರ್ ಎಂಬ ಅಧ್ಯಾಪಕರೂ ಅವರ ವಿದ್ಯಾರ್ಥಿಯಾಗಿದ್ದ ಹೆನ್ರಿ ಕ್ಲಾಸ್ ಎಂಬವರೂ ಕೂಡಿ 1954ರಲ್ಲಿ ಅಮೆರಿಕದ ಕೇಂಬ್ರಿಜ್ ಪಟ್ಟಣದಲ್ಲಿ ಒಂದು ಸಣ್ಣ ಉದ್ಯಮವನ್ನು ಸ್ಥಾಪಿಸಿ, ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿ, ಒಳಗೆ ಸೆರೆಯಾದ ಗಾಳಿಯನ್ನೇ ಸ್ಪೀಕರಿನ ಶಂಕುವಿಗೆ ಸ್ಪ್ರಿಂಗಾಗಿ ದುಡಿಸಿಕೊಳ್ಳುವ ಉಪಾಯವನ್ನು ಮಾರುಕಟ್ಟೆಗೆ ತಂದ ಬಳಿಕ ಆ ನಂಬಿಕೆಯ ಬುಡ ಅಲುಗಾಡಿತು. ಇದಕ್ಕೆ ತೆರಬೇಕಾದ ಬೆಲೆ ಇಲ್ಲದಿರಲಿಲ್ಲ. ಆ ಬಳಗದೊಡನೆ ಕೆಲಸ ಮಾಡಿದ, ಸುಪ್ರಸಿದ್ಧ ಪಿಯಾನೋ ವಾದಕ ಯೋಸೆಫ್ ಹಾಫ್‌ಮನ್ನರ ಮಗನಾದ ಆಂಟನ್ ಹಾಫ್‌ಮನ್ ಅವರ ಹೆಸರಿನಿಂದ ಇಂದಿಗೂ ಪ್ರಸಿದ್ಧವಾಗಿರುವ ನಿಯಮವೊಂದುಂಟು: ಪೆಟ್ಟಿಗೆ ಚಿಕ್ಕದಾಗಿರುವುದು, ಮಂದ್ರ ಆಳಕ್ಕಿಳಿಯುವುದು, ಅಲ್ಪ ವಿದ್ಯುತ್ತಿನಿಂದ ಜೋರಾದ ದನಿ ಹೊರಡುವುದು, ಈ ಮೂರರಲ್ಲಿ ಯಾವ ಎರಡನ್ನಾದರೂ ಪಡೆಯಬಹುದೇ ಹೊರತು ಮೂರನ್ನೂ ಏಕಕಾಲದಲ್ಲಿ ಪಡೆಯಲಾಗದು. ಮೂರೂ ತನ್ನಲ್ಲಿವೆಯೆಂದು ಸಾರುವ ಜಾಹೀರಾತನ್ನು ಓದಿದಾಗ ಈ ನಿಯಮವನ್ನು ಸ್ಮರಿಸಿಕೊಂಡರೆ ಓದುಗನಿಗೆ ಸಾಕಷ್ಟು ಹಣ ಉಳಿಯುತ್ತದೆ.

ಕಿರಿಯ ಪೆಟ್ಟಿಗೆಯ ಚರಿತ್ರೆಯಲ್ಲಿ ಅತ್ಯಂತ ಬೋಧಪ್ರದವಾದ ಪ್ರಸಂಗ ಬ್ರಿಟನ್ನಿನ ಬಿಬಿಸಿ ಪ್ರಸಾರ ಸಂಸ್ಥೆಯದು. 1970ರ ದಶಕದಲ್ಲಿ ಅಲ್ಲಿಯ ಎಂಜಿನಿಯರುಗಳಿಗೆ, ಹೊರಗಡೆಯ ಕಾರ್ಯಕ್ರಮಗಳನ್ನು ಪ್ರಸಾರ ಮಾಡುವ ವ್ಯಾನಿನ ಇಕ್ಕಟ್ಟಿನಲ್ಲಿ ಕುಳಿತು ದನಿಯ ಗುಣದೋಷಗಳನ್ನು ತೂಗಿ ನೋಡಲು ಒಂದು ಪುಟ್ಟ ಸಾಧನ ಬೇಕಾಯಿತು. ಅವರು ರೂಪಿಸಿದ ಎಲ್‌ಎಸ್ 3/5ಎ ಎಂಬ ಪೆಟ್ಟಿಗೆಯ ಎತ್ತರ ಸುಮಾರು 30 ಸೆಂಟಿಮೀಟರು, ಅಗಲ 19, ಆಳ 16. ಅದರೊಳಗೆ ಮಂದ್ರಕ್ಕೆ ಐದಂಗುಲದ ಒಂದು ವೂಫರ್, ತಾರಕ್ಕೆ ಕಿರಿದಾದ ಒಂದು ಟ್ವೀಟರ್, ಹಾಗೂ ಅವೆರಡರ ಪಾಲನ್ನು ಹಂಚಿಕೊಡುವ, ಪ್ರಯಾಸದಿಂದ ಹದಗೊಳಿಸಿದ ಕ್ರಾಸ್‌ಓವರ್ ಮಂಡಲ. ತೆಳುವಾದ ಪ್ಲೈವುಡ್ಡಿನ ಗೋಡೆಗಳಿಗೆ ಒಳಮೈಯಲ್ಲಿ ಕಂಪನಹೀರುವ ಲೇಪವನ್ನು ಕೊಟ್ಟಿದ್ದರು. ಅದು ಆಳದ ಮಂದ್ರವನ್ನು ನುಡಿಸಲಾರದು, ಮಂಟಪ ತುಂಬುವಷ್ಟು ಗಟ್ಟಿಯಾಗಿಯೂ ಹಾಡಲಾರದು. ಅಷ್ಟೇ ಅಲ್ಲ, ತನ್ನ ಕೊರತೆಯನ್ನು ಮರೆಮಾಚಲು ಮಂದ್ರದ ಮೇಲಂಚಿನಲ್ಲಿ ಕೊಂಚ ಉಬ್ಬನ್ನೂ ಇಟ್ಟುಕೊಂಡಿದೆ. ಇದು ವಂಚನೆಯೇ, ಆದರೆ ಸಜ್ಜನರು ಮಾಡುವ ಬಗೆಯ ವಂಚನೆ. ಮನುಷ್ಯಕಂಠವನ್ನು ಮಾತ್ರ ಅದು ಮನುಷ್ಯಕಂಠವಾಗಿಯೇ ಕೇಳಿಸುತ್ತದೆ. ಆ ಸಂಸ್ಥೆಯವರು ಸ್ಪೀಕರನ್ನು ಪರೀಕ್ಷಿಸಲು ವಾದ್ಯಮೇಳಕ್ಕಿಂತ ಹೆಚ್ಚಾಗಿ ನೆಚ್ಚಿಕೊಂಡದ್ದು ಗಂಡಸೊಬ್ಬನ ಸರಳವಾದ ಮಾತನ್ನು. ಹುಟ್ಟಿದಂದಿನಿಂದ ಕಿವಿಗೆ ಅತ್ಯಂತ ಪರಿಚಿತವಾದ ಶಬ್ದ ಅದೇ ಆದುದರಿಂದ ಅಲ್ಲಿಯ ಅಲ್ಪ ದೋಷವೂ ಕೂಡಲೇ ಗೊತ್ತಾಗುತ್ತದೆ.

ನಮ್ಮ ಸಂಗೀತ ಕಂಠಪ್ರಧಾನವಾದುದು. ವೀಣೆ ಕೊಳಲು ಪಿಟೀಲುಗಳು ಸಹ ಕಂಠದ ಗಮಕಗಳನ್ನೇ ಅನುಸರಿಸುತ್ತವೆ. ಹಾಗಿರುವಾಗ ಬಿಬಿಸಿಯವರ ಮಾನದಂಡ ನಮಗೆ ಅವರಿಗಿಂತಲೂ ಹೆಚ್ಚು ಸಲ್ಲುತ್ತದೆ. ತಂಬೂರಿಯ ಗತಿಯೇನು ಎಂದು ಯಾರಾದರೂ ಆಕ್ಷೇಪಿಸಿಯಾರು. ಒಂದು ಮನೆ ಶ್ರುತಿಯಲ್ಲಿ ಹಾಡುವ ಗಂಡುದನಿಯ ಮಧ್ಯಷಡ್ಜ ಸೆಕೆಂಡಿಗೆ ಸುಮಾರು 130 ಕಂಪನಗಳದು. ತಂಬೂರಿಯ ಮಂದ್ರ ತಂತಿಯದು ಅದರ ಅರ್ಧ, ಅಂದರೆ ಸುಮಾರು 65. ಐದಂಗುಲದ ಸ್ಪೀಕರು ಈ ಆಳದಲ್ಲಿ ಸೊರಗುವುದು ದಿಟವೇ. ಆದರೆ ತಂಬೂರಿಯ ನಾದದ ಸಿರಿಯಿರುವುದು ಆ ಮೂಲಕಂಪನದಲ್ಲಲ್ಲ. ಅಗಲವಾದ, ಇಳಿಜಾರಾದ ಕುದುರೆಯ ಮೇಲೆ ತಂತಿಗೂ ಕುದುರೆಗೂ ನಡುವೆ ಸೇರಿಸುವ ನೂಲಿನ ಜೀವಾಳದಿಂದಾಗಿ ಹೊಮ್ಮುವ ಉಪಸ್ವರಗಳ ಸಮೂಹದಲ್ಲಿ ಅದು ನೆಲೆಸಿದೆ. ಶ್ರುತಿ ಚೆನ್ನಾಗಿ ಕೂಡಿದಾಗ ತಾನೇ ತಾನಾಗಿ ಒಡಮೂಡುವ ಅಂತರಗಾಂಧಾರ ಆ ಮಂದ್ರ ತಂತಿಯ ಐದನೆಯ ಉಪಸ್ವರ; ಅದರ ಕಂಪನ ಸುಮಾರು 325, ಕಿರಿಯ ಪೆಟ್ಟಿಗೆ ನಿರಾಯಾಸವಾಗಿ ನುಡಿಸಬಲ್ಲ ಕ್ಷೇತ್ರ. ಮೂಲಸ್ವರ ಕ್ಷೀಣವಾಗಿದ್ದರೂ ಉಪಸ್ವರಗಳು ಸರಿಯಾದ ಪ್ರಮಾಣದಲ್ಲಿದ್ದರೆ ಕಿವಿ ತಾನೇ ಮೂಲವನ್ನು ಊಹಿಸಿಕೊಂಡು ತುಂಬಿಕೊಳ್ಳುತ್ತದೆ. ಮೃದಂಗ ತಬಲಗಳ ನಡುವಿನ ಕಪ್ಪು ಕರಣೆಯಿಂದಾಗಿಯೇ ಅವುಗಳ ಉಪಸ್ವರಗಳು ತಂತಿವಾದ್ಯದಂತೆ ಪೂರ್ಣಾಂಕದ ಅನುಪಾತಕ್ಕೆ ಬರುತ್ತವೆಂಬುದನ್ನು ಸಿ.ವಿ. ರಾಮನ್ ಅವರು 1920ರಲ್ಲಿಯೇ ಲೋಕಕ್ಕೆ ತಿಳಿಸಿದರು, ಮುಂದೆ ಬೆಂಗಳೂರಿಗೆ ಬಂದ ಮೇಲೂ ಆ ವಿಷಯಕ್ಕೆ ಮರಳಿದರು. ಬಲಗೈಯ ನಾದವೆಲ್ಲ ಹೀಗೆ ಚಿಕ್ಕ ಪೆಟ್ಟಿಗೆಗೆ ದಕ್ಕುತ್ತದೆ. ಎಡಗೈಯ ತೊಪ್ಪಿಯ ಗುಂಕಾರದಲ್ಲಿ ಮಾತ್ರ ಒಂದಿಷ್ಟು ನಷ್ಟವುಂಟು, ಅದನ್ನು ನಾನು ಮುಚ್ಚಿಡಲಾರೆ. ಪಾಶ್ಚಾತ್ಯರ ದೊಡ್ಡ ಆರ್ಗನ್ ವಾದ್ಯವನ್ನೋ ಚಲನಚಿತ್ರಗಳ ಸ್ಫೋಟಗಳನ್ನೋ ಬಯಸುವವರು ಬೇರೆ ದಾರಿಯನ್ನು ನೋಡಿಕೊಳ್ಳತಕ್ಕದ್ದು. ಅವರಿಗೆ ಸಬ್‌ವೂಫರ್ ಬೇಕು, ಸಹನಶೀಲರಾದ ನೆರೆಯವರೂ ಬೇಕು.

ಇನ್ನು ಕೋಣೆಯ ವಿಚಾರ. ನಾಲ್ಕು ಗೋಡೆಗಳ ನಡುವೆ ಧ್ವನಿ ಹಿಂದಕ್ಕೂ ಮುಂದಕ್ಕೂ ಪುಟಿಯುವಾಗ, ಕೋಣೆಯ ಅಳತೆಗೆ ಹೊಂದಿಕೊಂಡ ಕೆಲವು ಕಂಪನಗಳು ಅತಿಯಾಗಿ ಉಬ್ಬುತ್ತವೆ. ಹತ್ತಡಿಯ ಅಂತರವಿರುವ ಎರಡು ಗೋಡೆಗಳ ನಡುವೆ ಅಂಥ ಮೊದಲ ಉಬ್ಬು ಸುಮಾರು 56 ಹರ್ಟ್ಸಿನಲ್ಲಿ ಬರುತ್ತದೆ. ಸೂರಿನ ಎತ್ತರವೂ ಹತ್ತಡಿಯಾಗಿದ್ದರೆ ಅದೇ ಸ್ಥಾನದಲ್ಲಿ ಇನ್ನೊಂದು ಉಬ್ಬು ಮೇಲೆ ಬಂದು ಕೂಡುತ್ತದೆ. ದೊಡ್ಡ ಪೆಟ್ಟಿಗೆ ಈ ಕ್ಷೇತ್ರದಲ್ಲಿ ಬಲವಾಗಿ ನುಡಿಯುವುದರಿಂದ ಕೋಣೆಯ ರೋಗವನ್ನು ಕೆರಳಿಸುತ್ತದೆ, ಮೃದಂಗದ ಒಂದೊಂದು ಪೆಟ್ಟೂ ಬಾಲವೊಂದನ್ನು ಎಳೆದುಕೊಂಡು ಬರುತ್ತದೆ. ಕಿರಿಯ ಪೆಟ್ಟಿಗೆ ತನ್ನ ಅಶಕ್ತಿಯಿಂದಲೇ ಅದನ್ನು ತಟ್ಟಿ ಎಬ್ಬಿಸದೆ ಬಿಡುತ್ತದೆ. ಮಂಗಳೂರು ಹೆಂಚಿನ ಮಾಡು, ಮರದ ಅಟ್ಟ, ತೆರೆದ ಕಿಟಕಿಗಳಿದ್ದ ಹಿಂದಿನ ಮನೆಗಳಲ್ಲಿ ಧ್ವನಿ ಹೊರಬೀಳಲು ದಾರಿಗಳಿದ್ದುವು. ಸಿಮೆಂಟು ಗಾರೆಯ ಗೋಡೆ, ಗ್ರಾನೈಟಿನ ನೆಲ, ಕಾಂಕ್ರೀಟಿನ ಸೂರುಗಳ ಇಂದಿನ ಫ್ಲಾಟುಗಳಲ್ಲಿ ಅವಿಲ್ಲ. ನವಲಗುಂದದ ಜಮಖಾನೆಯೊಂದನ್ನು ಹಾಸಿದರೆ ಎಲ್ಲವೂ ಸರಿಹೋಯಿತೆಂದು ಭಾವಿಸಬೇಡಿ. ತೆಳುವಾದ ಹಾಸು ತಾರಸ್ವರಗಳ ಹೊಳಪನ್ನು ಮಾತ್ರ ಕೊಂಚ ಹೀರಬಲ್ಲುದು. ದಪ್ಪನೆಯ ಪರದೆ, ಹಾಸಿಗೆ, ಮೆತ್ತೆಯ ಸೋಫಾ, ಅಸಮವಾಗಿ ಪುಸ್ತಕಗಳನ್ನು ತುಂಬಿದ ಕಪಾಟು, ಇವು ಹೆಚ್ಚು ಉಪಕಾರ ಮಾಡುತ್ತವೆ.

ಅಂಗಡಿಯ ಪ್ರಲೋಭನಗಳನ್ನು ಕುರಿತು ಒಂದು ಪ್ರತ್ಯೇಕ ಲೇಖನವನ್ನೇ ಬರೆಯಬಹುದು. 1990ರ ದಶಕದ ಟೇಪ್‌ರೆಕಾರ್ಡರುಗಳ ಮೈಮೇಲೆ ಪಿಎಂಪಿಒ ಎಂಬ ಹೆಸರಿನಲ್ಲಿ ಸಾವಿರ ವಾಟ್, ಎರಡು ಸಾವಿರ ವಾಟ್ ಎಂದು ಮುದ್ರಿತವಾಗಿದ್ದ ಅಂಕಿಗಳನ್ನು ಅನೇಕ ಓದುಗರು ಕಂಡಿದ್ದಾರೆ; ಗೋಡೆಯ ಪ್ಲಗ್ಗಿನಿಂದ ಆ ಯಂತ್ರ ಎಳೆಯುತ್ತಿದ್ದ ವಿದ್ಯುತ್ತಿಗೂ ಆ ಅಂಕಿಗೂ ಯಾವ ಸಂಬಂಧವೂ ಇರಲಿಲ್ಲ. ಸಾಧಾರಣ ಕೋಣೆಯಲ್ಲಿ ಹಿತವಾದ ಮಟ್ಟದಲ್ಲಿ ಗಾಯನವನ್ನು ಕೇಳಲು ಸರಾಸರಿ 1 ವಾಟ್ ಸಾಲುತ್ತದೆ, ತನಿಯಾವರ್ತನದ ಘಾತಗಳಿಗೆ ಕೆಲವು ಹತ್ತು ವಾಟ್ ಮೀಸಲಿದ್ದರೆ ಆಯಿತು. ವಾಟಿಗಿಂತ ನೋಡಬೇಕಾದ ಅಂಕಿ, ಕೊಟ್ಟ ವಿದ್ಯುತ್ತಿಗೆ ಎಷ್ಟು ಜೋರಾದ ದನಿ ಹೊರಡುವುದೆಂದು ತಿಳಿಸುವ ಸೆನ್ಸಿಟಿವಿಟಿಯದು: ಅದು 3 ಡೆಸಿಬೆಲ್ ಕಡಿಮೆಯಾದರೆ ಅದೇ ದನಿಗೆ ಎರಡರಷ್ಟು ವಿದ್ಯುತ್ತು ಬೇಕಾಗುತ್ತದೆ. ಎರಡು ಜೋಡಿಗಳನ್ನು ಹೋಲಿಸಿ ಕೇಳಿಸುವಾಗ ಒಂದನ್ನು ಎಳ್ಳಷ್ಟು ಜೋರಾಗಿಟ್ಟರೂ ಕಿವಿ ಅದನ್ನೇ ಉತ್ತಮವೆಂದು ಬಗೆಯುತ್ತದೆ. ಇದು ಮಾರಾಟಗಾರರೆಲ್ಲರಿಗೂ ಗೊತ್ತು, ಕೊಳ್ಳುವವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಕಣ್ಣಂತೂ ಕಿವಿಗಿಂತ ಪ್ರಬಲ. ಕೆನಡದ ರಾಷ್ಟ್ರೀಯ ಸಂಶೋಧನ ಮಂಡಲಿಯಲ್ಲಿಯೂ ಅನಂತರ ಅಮೆರಿಕದಲ್ಲಿಯೂ ಫ್ಲಾಯ್ಡ್ ಟೂಲ್ ಎಂಬ ವಿಜ್ಞಾನಿ ದೀರ್ಘಕಾಲ ನಡೆಸಿದ ಪರೀಕ್ಷೆಗಳಲ್ಲಿ, ಸ್ಪೀಕರು ಪರದೆಯ ಹಿಂದಿದ್ದಾಗ ಕೇಳುಗರು ಕೊಟ್ಟ ತೀರ್ಪು, ಅದು ಕಣ್ಣಿಗೆ ಬಿದ್ದಾಗ ಗಾತ್ರ ಬೆಲೆ ಹೆಸರುಗಳಿಗೆ ಮಣಿದು ಬದಲಾಯಿತು. ಪರದೆಯ ಹಿಂದೆ ಬಹುಮಂದಿ ಮೆಚ್ಚಿದ್ದು, ನೇರವಾಗಿಯೂ ಪಕ್ಕಗಳಿಗೂ ಎಲ್ಲ ಸ್ವರಗಳನ್ನು ಏರಿಳಿತವಿಲ್ಲದೆ ಸಮನಾಗಿ ಹಂಚುವ ಸ್ಪೀಕರನ್ನು. ಆತನ ಇನ್ನೊಂದು ನಿರ್ಣಯ ನಮಗೆ ಬಹಳ ಪ್ರಯೋಜನಕರವಾದುದು: ಎರಡು ಪೆಟ್ಟಿಗೆಗಳು ಕೂಡಿ ಹಾಡುವಾಗ ಅಡಗುವ ದೋಷಗಳು ಒಂದೇ ಪೆಟ್ಟಿಗೆಯನ್ನು ಕೇಳುವಾಗ ಬಯಲಾಗುತ್ತವೆ. ಆದಕಾರಣ ಅಂಗಡಿಯಲ್ಲಿ ಒಂದೇ ಪೆಟ್ಟಿಗೆಯನ್ನು ನುಡಿಸಲು ಹೇಳಿ, ಗಂಗೂಬಾಯಿ ಹಾನಗಲ್ಲರ ಹಳೆಯ ಧ್ವನಿಮುದ್ರಣವೊಂದನ್ನು ಹಾಕಿಸಿರಿ. ಗಂಡುದನಿಗೆ ಸಮೀಪವಾದ ಆ ಘನವಾದ ಕಂಠ ಕೆಟ್ಟ ಪೆಟ್ಟಿಗೆಯಲ್ಲಿ ಮೂಗಿನದಾಗುತ್ತದೆ, ಇಲ್ಲವೆ ಡಬ್ಬದೊಳಗಿನದಾಗುತ್ತದೆ. ಅನಂತರ ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ: ಮೀಟು ಬೇರೆ, ಅದರ ಹಿಂದಿನ ಗಮಕದ ಎಳೆತ ಬೇರೆ ಎಂದು ಸ್ಪಷ್ಟವಾಗಿ ಕೇಳಿಸಬೇಕು.

ಮನೆಗೆ ತಂದ ಮೇಲೆ ಪೆಟ್ಟಿಗೆಯನ್ನು ಪುಸ್ತಕದ ಕಪಾಟಿನೊಳಗೆ ತುರುಕುವುದೇ ಸಾಮಾನ್ಯ ಪದ್ಧತಿ, ಸಾಮಾನ್ಯ ಪ್ರಮಾದವೂ ಅದೇ. ಹಿಂಬದಿಯಲ್ಲಿ ರಂಧ್ರವಿರುವ ಮಾದರಿಗೆ ಗೋಡೆಯಿಂದ ಒಂದೂವರೆ ಅಡಿಯಾದರೂ ಬಿಡುವು ಬೇಕು. ಪೂರ್ಣ ಮುಚ್ಚಿದ ಮಾದರಿ ಗೋಡೆಯ ಸಮೀಪವನ್ನು ಹೆಚ್ಚು ಸಹಿಸುತ್ತದೆ, ನಮ್ಮ ಕಿರಿದಾದ ಕೋಣೆಗಳಿಗೆ ನಾನು ಅದನ್ನೇ ಶಿಫಾರಸು ಮಾಡುತ್ತೇನೆ. ಟ್ವೀಟರ್ ಕೇಳುಗನ ಕಿವಿಯ ಮಟ್ಟದಲ್ಲಿರಬೇಕು. ಕುರ್ಚಿಯಲ್ಲಿ ಕೂತವನ ಕಿವಿ ನೆಲದಿಂದ ಸುಮಾರು ಮೂರಡಿ ಎತ್ತರದಲ್ಲಿರುತ್ತದೆ, ಚಾಪೆಯ ಮೇಲೆ ಕೂತವನದು ಅದಕ್ಕಿಂತ ಸಾಕಷ್ಟು ಕೆಳಗೆ. ವಿದೇಶದಿಂದ ಬರುವ ಸ್ಟ್ಯಾಂಡುಗಳು ಕುರ್ಚಿಯವರನ್ನು ಮಾತ್ರ ಬಲ್ಲುವು, ಚಾಪೆಯವರು ಬಡಗಿಯ ಮೊರೆಹೋಗುವುದು ಲೇಸು.

ಹಣದ ಬಹುಪಾಲನ್ನು ಪೆಟ್ಟಿಗೆಗೇ ವಿನಿಯೋಗಿಸಿರಿ. ತಂತಿಗಾಗಿ ಸಹಸ್ರಗಟ್ಟಲೆ ತೆರುವುದು ಶುದ್ಧ ಮೂಢನಂಬಿಕೆ. ನಾಲ್ಕು ಮೀಟರು ದೂರಕ್ಕೆ ವಿದ್ಯುತ್ ಸಾಮಾನಿನ ಅಂಗಡಿಯಲ್ಲಿ ದೊರೆಯುವ 1.5 ಚದರ ಮಿಲಿಮೀಟರಿನ ತಾಮ್ರದ ತಂತಿ ಧಾರಾಳವಾಗಿ ಸಾಕು. ಹಳೆಯ ಎಲ್‌ಎಸ್ 3/5ಎ ಜೋಡಿಗಳನ್ನು ಪೂಜಾವಿಗ್ರಹಗಳಂತೆ ದುಬಾರಿಗೆ ಕೊಳ್ಳುವ ಭಕ್ತರಿದ್ದಾರೆ. ಅವರ ಭಕ್ತಿಗೆ ನಮಸ್ಕಾರ, ಆದರೆ ಅದಕ್ಕಿಂತ ಅಲ್ಪಮೌಲ್ಯದ ಇಂದಿನ ಪೆಟ್ಟಿಗೆಗಳು ಕಡಿಮೆ ವಿದ್ಯುತ್ತಿನಿಂದ ಅಷ್ಟೇ ಸತ್ಯವಾಗಿ ನುಡಿಯಬಲ್ಲುವು. ಕಲ್ಕತ್ತೆಯ ಸೋನೋಡೈನ್‌ನಂತಹ ಸ್ವದೇಶಿ ಸಂಸ್ಥೆಗಳೂ ಈ ಬಗೆಯವನ್ನು ತಯಾರಿಸಿವೆ. ಕರಾವಳಿಯ ವಾಚಕರಿಗೆ ಒಂದು ಎಚ್ಚರಿಕೆ: ವೂಫರಿನ ಅಂಚು ನೊರೆ ಪದಾರ್ಥದ್ದಾಗಿದ್ದರೆ ಆರ್ದ್ರವಾದ ಹವೆಯಲ್ಲಿ ಅದು ಕೆಲವು ವರ್ಷಗಳಲ್ಲಿಯೇ ಪುಡಿಯಾಗಿ ಉದುರುತ್ತದೆ, ರಬ್ಬರಿನ ಅಂಚು ಬಹುಕಾಲ ಬಾಳುತ್ತದೆ.

ಒಂದು ಮಾತನ್ನು ವ್ಯಾಪಾರಿಗಳಿಗೂ ಹೇಳಬೇಕಾಗಿದೆ. ಗಾಜಿನ ಗೋಡೆಯ ಮಳಿಗೆಯಲ್ಲಿ, ಹತ್ತು ಜೋಡಿಗಳ ನಡುವೆ, ಐದು ನಿಮಿಷ ಕೇಳಿಸಿ ಮಾರುವುದರಿಂದ ಕೊಳ್ಳುವವನಿಗೆ ನ್ಯಾಯ ದೊರೆಯದು. ಠೇವಣಿಯನ್ನು ಪಡೆದು ಎರಡು ದಿನಗಳ ಮಟ್ಟಿಗೆ ಪೆಟ್ಟಿಗೆಗಳನ್ನು ಮನೆಗೆ ಕೊಟ್ಟು ಕಳುಹಿಸುವ ಪದ್ಧತಿಯನ್ನು ಅವರು ಆರಂಭಿಸಬೇಕು. ಓದುಗರು ತಮ್ಮ ಕೋಣೆಯ ಉದ್ದ ಅಗಲ ಎತ್ತರಗಳನ್ನು ಚೀಟಿಯಲ್ಲಿ ಬರೆದುಕೊಂಡು, ಚೆನ್ನಾಗಿ ಬಲ್ಲ ಎರಡು ಗಾಯನಗಳನ್ನೂ ಮನೆಯವರೊಬ್ಬರ ಮಾತಿನ ಮುದ್ರಣವನ್ನೂ ಜೊತೆಗೊಯ್ದು, ಈ ಸೌಲಭ್ಯವನ್ನು ಸಂಕೋಚವಿಲ್ಲದೆ ಕೇಳಲಿ. ಕೊಡದ ಅಂಗಡಿಯಿಂದ ಕೊಡುವ ಅಂಗಡಿಗೆ ನಡೆಯಲಿ.