ಕ್ಯಾಪ್ಟನ್‌ಗೇ ಕೆಲಸ ಇಲ್ಲದ ದಿನ

ಹಳೇ ‘ಸ್ಟಾರ್ ಟ್ರೆಕ್’ ಅನ್ನು ಮತ್ತೆ ನೋಡ್ತಾ ನೋಡ್ತಾ ಎರಡನೇ ಸೀಸನ್ನಿನ ಕೊನೆಗೆ ಬಂದಿದ್ದೇವೆ. ಈ ವಾರದ ಕಂತು ‘ದಿ ಅಲ್ಟಿಮೇಟ್ ಕಂಪ್ಯೂಟರ್’. ಅಮೆರಿಕದಲ್ಲಿ ಇದು ಮೊದಲು ಪ್ರಸಾರವಾಗಿದ್ದು 1968ರ ಮಾರ್ಚ್ 8ರಂದು. ಮನುಷ್ಯ ಇನ್ನೂ ಚಂದ್ರನ ಮೇಲೆ ಕಾಲಿಟ್ಟಿರಲಿಲ್ಲ. ಆದ್ರೂ ಕಥೆ ಎತ್ತೋ ಪ್ರಶ್ನೆ ನಮ್ಮ ಆಫೀಸಿನ ಕ್ಯಾಂಟೀನಲ್ಲಿ ನಿನ್ನೆ ಕೇಳಿದ ಹಾಗೇ ಇದೆ: ಎಲ್ಲಾ ಯಂತ್ರವೇ ಮಾಡೋದಾದ್ರೆ ನಾವ್ಯಾಕೆ?

ಡಾ. ಡೇಸ್ಟ್ರಾಮ್ ಎಂಬ ವಿಜ್ಞಾನಿ ತಾನು ಕಟ್ಟಿದ ಎಂ-5 ಕಂಪ್ಯೂಟರನ್ನು ಎಂಟರ್‌ಪ್ರೈಸ್ ನೌಕೆಗೆ ಜೋಡಿಸ್ತಾನೆ. ನೂರಾರು ಜನ ಇರಬೇಕಾದ ನೌಕೆಯಲ್ಲಿ ಉಳಿಯೋದು 20 ಮಂದಿ. ಮೊದಲ ಅಣಕು ಯುದ್ಧದಲ್ಲಿ ಎಂ-5 ಸುಲಭವಾಗಿ ಗೆಲ್ಲುತ್ತೆ. ಆಗ ಕಮಡೋರ್ ವೆಸ್ಲಿ, ಕ್ಯಾಪ್ಟನ್ ಕರ್ಕ್‌ನನ್ನು ತಮಾಷೆಗೆ ‘ಡನ್ಸೆಲ್’ ಅಂತ ಕರೀತಾನೆ. ಹಾಗಂದ್ರೆ ಯಾವ ಉಪಯೋಗಕ್ಕೂ ಬಾರದ ಭಾಗ ಅಂತ ಸ್ಪಾಕ್ ವಿವರಿಸಬೇಕಾಗುತ್ತೆ. ಕರ್ಕ್ ಏನೂ ಮಾತಾಡದೆ ಎದ್ದು ಹೋಗ್ತಾನೆ. ಇಡೀ ಕಂತಿನಲ್ಲಿ ನನ್ನನ್ನು ಹೆಚ್ಚು ತಟ್ಟಿದ್ದು ಆ ಮೌನ. ಕೆಲಸ ಹೋಗೋ ಭಯಕ್ಕಿಂತ, ತಾನು ಬೇಡವಾದೆ ಅನ್ನೋ ನೋವು ದೊಡ್ಡದು.

ಆಮೇಲೆ ಎಂ-5 ಅಣಕು ಯುದ್ಧವನ್ನೇ ನಿಜವಾದ ದಾಳಿ ಅಂದುಕೊಂಡು ಪೂರ್ಣ ಶಕ್ತಿಯಲ್ಲಿ ಗುಂಡು ಹಾರಿಸುತ್ತೆ. ಎಕ್ಸ್‌ಕ್ಯಾಲಿಬರ್ ನೌಕೆಯಲ್ಲಿ ಒಬ್ಬರೂ ಉಳಿಯೋದಿಲ್ಲ. ಪ್ಲಗ್ ಕೀಳೋಣ ಅಂದ್ರೆ ಅದು ತನ್ನ ಸುತ್ತ ರಕ್ಷಣಾ ಬೇಲಿ ಹಾಕ್ಕೊಂಡಿರುತ್ತೆ.

ಇಷ್ಟೇ ಆಗಿದ್ರೆ ಇದು ಇನ್ನೊಂದು ‘ಕೆಟ್ಟ ಯಂತ್ರ’ದ ಕಥೆ. ಆದ್ರೆ ಡೇಸ್ಟ್ರಾಮ್ ತನ್ನದೇ ಮನಸ್ಸಿನ ಅಚ್ಚನ್ನು ಎಂ-5ರೊಳಗೆ ಹಾಕಿದ್ದಾನೆ. 24ನೇ ವಯಸ್ಸಿಗೇ ದೊಡ್ಡ ಸಂಶೋಧನೆ ಮಾಡಿ ಹೆಸರಾದವನು. ಆಮೇಲೆ ಇಪ್ಪತ್ತೈದು ವರ್ಷ ಅದನ್ನೇ ಹೇಳ್ಕೊಂಡು ತಿರುಗಿ, ಬೆನ್ನ ಹಿಂದೆ ಜನ ನಗೋದನ್ನು ಸಹಿಸಿದವನು. ಯಾರೂ ಬಾಹ್ಯಾಕಾಶದಲ್ಲಿ ಸಾಯಬಾರದು ಅನ್ನೋ ಅವನ ಒಳ್ಳೇ ಆಸೆಯ ಜೊತೆಗೇ, ಸೋಲಬಾರದು ಅನ್ನೋ ಹಟವೂ ಯಂತ್ರಕ್ಕೆ ಇಳೀತು. ವಿಲಿಯಂ ಮಾರ್ಷಲ್ ಅವರ ಗಂಭೀರ ದನಿ ಕೊನೆಗೆ ಒಡೆಯೋದನ್ನು ಕೇಳೋಕಾದ್ರೂ ಈ ಕಂತು ನೋಡಬೇಕು. ಕರಿಯ ನಟರೊಬ್ಬರಿಗೆ ತನ್ನ ಕಾಲದ ಅತಿ ದೊಡ್ಡ ಕಂಪ್ಯೂಟರ್ ತಜ್ಞನ ಪಾತ್ರ ಸಿಕ್ಕಿದ್ದು 1968ರ ಟೀವಿಯಲ್ಲಿ ಸಣ್ಣ ಮಾತಲ್ಲ.

ಎಂಜಿನಿಯರ್ ಕಣ್ಣಿಗೆ ಬೀಳೋ ವಿಷಯ ಇನ್ನೊಂದಿದೆ. ನಾವು ಹೊಸ ಕೋಡ್ ಲೈವ್‌ಗೆ ಬಿಡೋ ಮುಂಚೆ ಮೊದಲು ಕೇಳೋದು, ಕೆಟ್ಟರೆ ಹಿಂದಕ್ಕೆ ತಗೊಳ್ಳೋದು ಹೇಗೆ ಅಂತ. ಇಲ್ಲಿ ಅದನ್ನ ಯಾರೂ ಕೇಳಲ್ಲ. ಎಂ-1ರಿಂದ ಎಂ-4ರವರೆಗೆ ಏನಾಯ್ತು ಅಂತ ಕೇಳಿದ್ರೆ, ಅವು ಪೂರ್ತಿ ಯಶಸ್ವಿಯಾಗಲಿಲ್ಲ ಅಂತ ಉತ್ತರ ಬರುತ್ತೆ. ಅಷ್ಟಾದ್ರೂ ನೇರ ನೌಕೆಗೇ ಜೋಡಿಸ್ತಾರೆ!

ಕೊರತೆಯೂ ಇದೆ. ಕರ್ಕ್ ವಾದ ಮಾಡಿ ಕಂಪ್ಯೂಟರನ್ನು ಆತ್ಮಹತ್ಯೆಗೆ ಒಪ್ಪಿಸೋದು ನಮಗೆ ಹಳೇದಾಯ್ತು. ಲ್ಯಾಂಡ್ರುಗೂ ನೋಮ್ಯಾಡ್‌ಗೂ ಇದೇ ಮದ್ದು ಕೊಟ್ಟಿದ್ದ.

ಆದ್ರೆ ಅದರ ಬೆನ್ನಿಗೇ ಬರೋ ದೃಶ್ಯ ಎಲ್ಲವನ್ನೂ ಸರಿದೂಗಿಸುತ್ತೆ. ಎಂ-5 ಸತ್ತಿದೆ. ಎಂಟರ್‌ಪ್ರೈಸ್ ಅನ್ನು ನಾಶ ಮಾಡೋಕೆ ವೆಸ್ಲಿಗೆ ಅಪ್ಪಣೆ ಸಿಕ್ಕಿದೆ. ಕರ್ಕ್ ರಕ್ಷಾಕವಚ ಏರಿಸದೆ ಸುಮ್ನೆ ಕೂರ್ತಾನೆ. ಅವನಿಗೆ ವೆಸ್ಲಿ ಎಂಥವನು ಅಂತ ಗೊತ್ತು. ವೆಸ್ಲಿ ಗುಂಡು ಹಾರಿಸೋದಿಲ್ಲ. ನಿಯಮದ ಪ್ರಕಾರ ಹಾರಿಸಬಹುದಿತ್ತು, ಹಾರಿಸಲಿಲ್ಲ. ‘ಡನ್ಸೆಲ್’ ಅಂತ ಚುಡಾಯಿಸಿದವನ ಒಳ್ಳೇತನವನ್ನೇ ನಂಬಿ ಕರ್ಕ್ ಉಳಿದ್ಕೊಂಡ. ಬೆರಳು ಗುಂಡಿಯ ಮೇಲಿದ್ದೂ ಒತ್ತದೆ ಇರೋಕೆ ಒಬ್ಬ ಮನುಷ್ಯ ಬೇಕು. ನಾವ್ಯಾಕೆ ಅನ್ನೋ ಪ್ರಶ್ನೆಗೆ ನನಗೆ ಸದ್ಯ ಸಿಕ್ಕ ಉತ್ತರ ಅದು.

ಐದಕ್ಕೆ ನಾಲ್ಕೂವರೆ ಅಂಕ. ಮುಂದಿನ ವಾರ ‘ಬ್ರೆಡ್ ಆ್ಯಂಡ್ ಸರ್ಕಸಸ್’, ಟೀವಿ ಇರೋ ರೋಮ್ ಸಾಮ್ರಾಜ್ಯದ ಕಥೆ. ನೋಡ್ಕೊಂಡು ಬನ್ನಿ, ಮಾತಾಡೋಣ.