ಸೊಳ್ಳೆಯ ಸಂತತಿಯೂ ಮನೆಯ ನೀರೂ

ಮಳೆಗಾಲ ಕಾಲಿಟ್ಟೊಡನೆ ಮುಂಬಯಿಯ ಗೃಹಸ್ಥರ ಬಾಯಲ್ಲಿ ಎರಡು ದೂರುಗಳು ಕೇಳಿಬರುವುದು ವಾಡಿಕೆ: ರೈಲುಗಾಡಿ ತಡವಾಯಿತೆಂಬುದೊಂದು, ನಗರಪಾಲಿಕೆಯವರು ಹೊಗೆ ಹಾಕಲು ಬರಲಿಲ್ಲವೆಂಬುದು ಇನ್ನೊಂದು. ಈ ಎರಡನೆಯ ದೂರಿನಲ್ಲಿ ಅರ್ಧಸತ್ಯ ಮಾತ್ರ ಅಡಗಿದೆ. ಡೆಂಗ್ಯೂ ಜ್ವರವನ್ನು ಹರಡುವ ಈಡಿಸ್ ಸೊಳ್ಳೆಯ ಮುಖ್ಯ ತವರು ಬೀದಿಯ ಚರಂಡಿಯಲ್ಲ. ಮನೆಯೊಳಗೂ ಸುತ್ತಮುತ್ತಲೂ ನಿಂತ ತಿಳಿನೀರು.

ಕಿರುಜೀವಿಗಳ ಸಂಖ್ಯೆಯ ಏರಿಳಿತಕ್ಕೆ ಅವುಗಳ ಪರಿಸರವೇ ಕಾರಣ. ಸೊಳ್ಳೆಯ ಮಟ್ಟಿಗೆ ನೀರು, ಉಷ್ಣತೆ, ಆಹಾರ ಇವು ಮೂರೂ ಮುಖ್ಯ. ಹೆಣ್ಣು ಈಡಿಸ್ ಒಮ್ಮೆ ರಕ್ತ ಹೀರಿದ ಮೇಲೆ ಸುಮಾರು 100 ಮೊಟ್ಟೆಗಳನ್ನು ಇಡಬಲ್ಲದು. ಉಷ್ಣತೆ 28ರಿಂದ 30 ಡಿಗ್ರಿ ಸೆಲ್ಸಿಯಸ್ ಇದ್ದರೆ, ಮೊಟ್ಟೆಯೊಡೆದ ಮರಿ ಸೊಳ್ಳೆಯಾಗಿ ಹಾರಲು 7ರಿಂದ 10 ದಿನಗಳು ಸಾಕು. ಚಳಿಯಲ್ಲಿ ಈ ಬೆಳವಣಿಗೆ ಬಹಳ ನಿಧಾನವಾಗುತ್ತದೆ. ದೆಹಲಿಯಲ್ಲಿ ಮಾಗಿಯ ಚಳಿ ಬಲಿತಾಗ ಡೆಂಗ್ಯೂ ತಗ್ಗುವುದು ಇದರಿಂದಲೇ. ಮುಂಬಯಿ, ಚೆನ್ನೈಗಳಂತಹ ಕಡಲತಡಿಯ ನಗರಗಳಿಗೆ ಅಂತಹ ಬಿಡುವು ದೊರೆಯದು.

ಇನ್ನು ಆಹಾರದ ಮಾತು. ಒಂದೇ ಪಾತ್ರೆಯಲ್ಲಿ ಮರಿಗಳು ಕಿಕ್ಕಿರಿದು ಆಹಾರ ಸಾಲದಾದಾಗ ಹಲವು ಸಾಯುತ್ತವೆ. ಉಳಿದವು ತಡವಾಗಿ ಬೆಳೆದು ಗಾತ್ರದಲ್ಲಿ ಕಿರಿದಾಗಿ, ಕಡಿಮೆ ಮೊಟ್ಟೆಗಳನ್ನಿಡುತ್ತವೆ. ಆದುದರಿಂದ ಅರೆಬರೆ ಸ್ವಚ್ಛತೆಯಿಂದ ಅಪಾಯವೂ ಉಂಟು. ಅರ್ಧ ನೀರನ್ನು ಚೆಲ್ಲಿ ಕೈತೊಳೆದುಕೊಂಡರೆ, ಉಳಿದ ಮರಿಗಳು ಪೈಪೋಟಿಯಿಲ್ಲದೆ ಕೊಬ್ಬಿ ಬೆಳೆದಾವು. ಪೂರ್ತಿ ಚೆಲ್ಲಿದರೂ ಕೆಲಸ ಮುಗಿಯಲಿಲ್ಲ. ನೀರಿನ ಅಂಚಿನ ಮೇಲೆ, ಪಾತ್ರೆಯ ಒಳಮೈಗೆ ಅಂಟಿದ ಮೊಟ್ಟೆಗಳು ಒಣಗಿಯೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಬೇಸಿಗೆಯಲ್ಲಿಟ್ಟ ಠೇವಣಿ ಮೊದಲ ಮಳೆಗೆ ಬಡ್ಡಿಸಹಿತ ಕೈಸೇರಿದಂತೆ! ಹೊಗೆಯು ಹಾರುವ ಸೊಳ್ಳೆಗಳಲ್ಲಿ ಕೆಲವನ್ನು ಕೊಂದೀತು. ಮೊಟ್ಟೆ, ಮರಿಗಳನ್ನು ಅದು ಮುಟ್ಟದು.

ಹಾಗೆಂದು ಎಲ್ಲ ಹೊಣೆಯನ್ನೂ ಗೃಹಸ್ಥನ ತಲೆಗೆ ಕಟ್ಟುವುದು ನ್ಯಾಯವಲ್ಲ. ನಲ್ಲಿಯಲ್ಲಿ ನೀರು ಗಂಟೆಯ ಲೆಕ್ಕದಲ್ಲಿ ಬರುವಾಗ ಚಾಳಿನ ಗೃಹಿಣಿ ಪೀಪಾಯಿ ತುಂಬಿಡದೆ ಏನು ಮಾಡಿಯಾಳು? ಕಟ್ಟಡ ಕಟ್ಟುವೆಡೆಗಳಲ್ಲಿ ನಿಂತ ನೀರಿಗೆ ಉತ್ತರ ಹೇಳಬೇಕಾದವರು ಬೇರೆ. ಮುಂಬಯಿಯ ಮಲೇರಿಯಾಕ್ಕೆ ಬಾವಿ, ತೊಟ್ಟಿಗಳಲ್ಲಿ ಬೆಳೆಯುವ ಅನಾಫಿಲಿಸ್ ಸೊಳ್ಳೆ ಕಾರಣವೆಂದು ಡಾ. ಬೆಂಟ್ಲಿಯವರು 1911ರಷ್ಟು ಹಿಂದೆಯೇ ವರದಿ ಮಾಡಿದ್ದರು. ಶತಮಾನ ಕಳೆದರೂ ತಾರಸಿಯ ತೊಟ್ಟಿಗಳ ಮುಚ್ಚಳ ಸರಿಯಿಲ್ಲವೆಂದರೆ, ಕೊರತೆಯಿರುವುದು ಜ್ಞಾನದಲ್ಲಲ್ಲ, ಅನುಷ್ಠಾನದಲ್ಲಿ.

ಡೆಂಗ್ಯೂ ವಿಷಾಣುವನ್ನೇ ಅಳಿಸುವ ನಿರ್ದಿಷ್ಟ ಔಷಧಿ ಇಲ್ಲದಿರುವಾಗ, ಅದು ತಗಲದಂತೆ ನೋಡಿಕೊಳ್ಳುವುದೇ ಜಾಣತನ. ವಾರಕ್ಕೊಂದು ದಿನ ಪೀಪಾಯಿ, ಹೂಕುಂಡದ ತಟ್ಟೆ, ಏರ್‌ಕೂಲರ್, ಶೀತಪೆಟ್ಟಿಗೆಯ ಹಿಂದಿನ ತಟ್ಟೆ ಇವುಗಳನ್ನು ಬರಿದುಮಾಡಿ, ಒಳಮೈಯನ್ನು ಗಸಗಸನೆ ಉಜ್ಜಿ ಒಣಗಿಸಬೇಕು. ತುಂಬಿದ ಮೇಲೆ ಭದ್ರವಾಗಿ ಮುಚ್ಚಬೇಕು. ಸೊಳ್ಳೆ ಹುಟ್ಟಲು ಏಳು ದಿನ ಬೇಕಾದರೆ, ಆರನೆಯ ದಿನವೇ ಅದರ ಲೆಕ್ಕ ಚುಕ್ತಾ ಆಗಬೇಕು. ಆದರೆ ಒಂದು ಮನೆ ಶುದ್ಧವಾಗಿ ನೆರೆಮನೆ ಹಾಗೆಯೇ ಉಳಿದರೆ ಫಲವಿಲ್ಲ; ಸೊಳ್ಳೆಗೆ ಬಾಗಿಲಿನ ಹೆಸರುಪಟ್ಟಿ ತಿಳಿಯದು. ನಾಡಹಬ್ಬಕ್ಕೆ ಮನೆಮನೆಗೂ ಹೋಗಿ ವಂತಿಗೆ ಎತ್ತಬಲ್ಲ ಕನ್ನಡ ಸಂಘಗಳ ಕಾರ್ಯಕರ್ತರು ಮಳೆಗಾಲಕ್ಕೆ ಮೊದಲೊಮ್ಮೆ ಅದೇ ಮನೆಗಳ ಕದ ತಟ್ಟಿ ಈ ಮಾತನ್ನು ಹೇಳಿದರೆ, ಅದೂ ನಾಡಸೇವೆಯೇ ಆದೀತು.