ವೈರಸ್ಸಿಗೆ ಟೋಪಿ ತೊಡಿಸಿ, ಜನರಿಗೆ ಟೋಪಿ ಹಾಕಿದವರು

2009ರ ಎಪ್ರಿಲ್ ತಿಂಗಳ ಕೊನೆಯಲ್ಲಿ ಈಜಿಪ್ಟ್ ಸರಕಾರ ಒಂದು ಆಜ್ಞೆ ಹೊರಡಿಸಿತು. ದೇಶದಲ್ಲಿರುವ ಹಂದಿಗಳನ್ನೆಲ್ಲ ಕೊಲ್ಲಬೇಕು! ಸುಮಾರು 3 ಲಕ್ಷ ಹಂದಿಗಳು. ಮೆಕ್ಸಿಕೊದಲ್ಲಿ ಕಾಣಿಸಿಕೊಂಡ ಎಚ್1ಎನ್1 ಜ್ವರವನ್ನು ಪತ್ರಿಕೆಗಳು ಆಗ 'ಹಂದಿ ಜ್ವರ' ಎಂದು ಕರೆಯುತ್ತಿದ್ದವು. ಈಜಿಪ್ಟಿನಲ್ಲಿ ಅಂದು ಆ ಜ್ವರ ತಗುಲಿದ ಒಬ್ಬನೇ ಒಬ್ಬ ಮನುಷ್ಯ ಪತ್ತೆಯಾಗಿರಲಿಲ್ಲ. ಈ ರೋಗ ಹರಡುತ್ತಿರುವುದು ಮನುಷ್ಯನಿಂದ ಮನುಷ್ಯನಿಗೆ, ಹಂದಿಗಳನ್ನು ಕೊಂದು ಪ್ರಯೋಜನವಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಕೇಳಿದವರಾರು?

ಆ ಹಂದಿಗಳನ್ನು ಸಾಕುತ್ತಿದ್ದವರು ಯಾರು? ಕೈರೋ ನಗರದ ಕಸ ಎತ್ತುವವರು. 'ಝಬ್ಬಾಲೀನ್' ಎಂದು ಅಲ್ಲಿನವರು ಕರೆಯುವ, ಹೆಚ್ಚಿನವರು ಕಾಪ್ಟಿಕ್ ಕ್ರೈಸ್ತರಾದ, ಮುಕತ್ತಮ್ ಗುಡ್ಡದ ಬುಡದಲ್ಲಿ ಕಸದ ನಡುವೆಯೇ ಬದುಕುವ ಬಡವರು. ಮನೆಮನೆಯಿಂದ ತಂದ ಕಸದಲ್ಲಿ ಪ್ಲಾಸ್ಟಿಕ್ಕು, ಕಾಗದ, ತಗಡುಗಳನ್ನು ಆರಿಸಿ ಮಾರುತ್ತಿದ್ದರು. ಕೊಳೆಯುವ ಅನ್ನ, ತರಕಾರಿಗಳನ್ನು ಹಂದಿಗಳಿಗೆ ಹಾಕುತ್ತಿದ್ದರು. ಹಂದಿಗಳು ಹೋದವು. ಕೆಲವೇ ತಿಂಗಳಲ್ಲಿ ಕೈರೋದ ಬೀದಿಗಳಲ್ಲಿ ಕಸ ಕೊಳೆತು ನಾರತೊಡಗಿತು. ಜ್ವರ ಮಾತ್ರ ಜೂನ್ ಆರಂಭದಲ್ಲಿ ವಿದೇಶದಿಂದ ಬಂದ ಪ್ರಯಾಣಿಕರ ಜೊತೆ ವಿಮಾನದಲ್ಲೇ ಬಂದಿಳಿಯಿತು.

ಅದೇ ವರ್ಷ ಅಫಘಾನಿಸ್ತಾನದಲ್ಲಿ ಇನ್ನೂ ತಮಾಷೆಯ ಪ್ರಸಂಗವೊಂದು ನಡೆಯಿತು. ಆ ದೇಶದಲ್ಲಿ ಇದ್ದದ್ದೇ ಒಂದು ಹಂದಿ, ಅದೂ ಕಾಬೂಲಿನ ಮೃಗಾಲಯದಲ್ಲಿ. ಜನ ಹೆದರಿದರೆಂದು ಆ ಬಡಪ್ರಾಣಿಯನ್ನು ಒಂಟಿಯಾಗಿ ಕೂಡಿಹಾಕಲಾಯಿತು. ಇಡೀ ದೇಶಕ್ಕೆ ಒಂದೇ ಹಂದಿಯಾದರೂ ಭಯಕ್ಕೆ ಅಷ್ಟು ಸಾಕಾಯಿತು.

ನಾವು ಹಂದಿ ತಿನ್ನುವವರಲ್ಲ, ಮುಟ್ಟುವವರೂ ಅಲ್ಲ. ಆದರೂ ಈ ಕಥೆಯನ್ನು ಮೊದಲು ಹೇಳಲು ಕಾರಣವಿದೆ. ಮುಸ್ಲಿಮರು ಬಹುಸಂಖ್ಯಾತರಾಗಿರುವ ದೇಶದಲ್ಲಿ ಅಲ್ಪಸಂಖ್ಯಾತರ ಹೊಟ್ಟೆಯ ಮೇಲೆ ಹೊಡೆದದ್ದನ್ನು ಹೇಳದೆ, ಇಲ್ಲಿ ನಮ್ಮ ಮೇಲಾದದ್ದನ್ನು ಮಾತ್ರ ಹೇಳಿಕೊಂಡರೆ ಅದು ನ್ಯಾಯದ ಮಾತಾಗುವುದಿಲ್ಲ, ಬರೀ ಗೋಳಾಗುತ್ತದೆ. ಪಿಡುಗು ಬಂದಾಗ ಕೈಲಾಗದ ಸರಕಾರಗಳು ರೋಗಾಣುವನ್ನು ಬಿಟ್ಟು ಆಳನ್ನು ಹುಡುಕುತ್ತವೆ. ಆ ಆಳು ಕೈರೋದಲ್ಲಿ ಕ್ರೈಸ್ತನಾದ, ದಿಲ್ಲಿಯಲ್ಲಿ ಮುಸ್ಲಿಮನಾದ.

ಈಗ ನಮ್ಮ ದೇಶದ 2020ರ ಲೆಕ್ಕ ನೋಡೋಣ. ಜನವರಿ 30ರಂದು ಕೇರಳದಲ್ಲಿ ಮೊದಲ ಕೋವಿಡ್ ಪ್ರಕರಣ ಪತ್ತೆಯಾಯಿತು. ಫೆಬ್ರವರಿ 24ರಂದು ಅಹ್ಮದಾಬಾದಿನ ಮೈದಾನದಲ್ಲಿ ಲಕ್ಷ ಜನರನ್ನು ಸೇರಿಸಿ ಟ್ರಂಪ್ ಸಾಹೇಬರಿಗೆ ಸ್ವಾಗತ ಕೋರಲಾಯಿತು. ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಜಾಗತಿಕ ಪಿಡುಗೆಂದು ಕರೆಯಿತು. ಮರುದಿನ ನಮ್ಮ ಕಲಬುರಗಿಯ ವೃದ್ಧರೊಬ್ಬರ ಸಾವು ಕೋವಿಡ್‌ನಿಂದಲೇ ಆದದ್ದೆಂದು ಖಚಿತವಾಯಿತು, ದೇಶದಲ್ಲೇ ಮೊದಲನೆಯದು. ಮಾರ್ಚ್ 13ರಂದು ಕೇಂದ್ರ ಆರೋಗ್ಯ ಇಲಾಖೆಯ ಅಧಿಕಾರಿಗಳು ಇದು ಆರೋಗ್ಯ ತುರ್ತು ಪರಿಸ್ಥಿತಿಯಲ್ಲ ಎಂದರು. ಮಾರ್ಚ್ 22ರಂದು ತಟ್ಟೆ ಬಡಿಸಿದರು. ಮಾರ್ಚ್ 24ರ ರಾತ್ರಿ 8 ಗಂಟೆಗೆ ಪ್ರಧಾನಿಯವರು ಟಿ.ವಿ.ಯಲ್ಲಿ ಬಂದು, ನಡುರಾತ್ರಿಯಿಂದ ದೇಶಕ್ಕೆ ದೇಶವೇ ಬಂದ್ ಎಂದರು. ನಾಲ್ಕು ಗಂಟೆಗಳ ಅವಕಾಶ! ನಮ್ಮಲ್ಲಿ ಮದುವೆ ಮನೆಯ ಚಪ್ಪರ ಬಿಚ್ಚಲೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ದಿಲ್ಲಿಯ ನಿಝಾಮುದ್ದೀನ್ ಮರ್ಕಝಿನಲ್ಲಿ ತಬ್ಲೀಗ್ ಜಮಾತಿನವರು ಸೇರಿದ್ದು ಇದೇ ಮಾರ್ಚ್ ನಡುವಿನಲ್ಲಿ. ಮರ್ಕಝಿನ ಹೊಣೆಗಾರರನ್ನು ನಾನು ಸಮರ್ಥಿಸಲಾರೆ. ಫೆಬ್ರವರಿ ಕೊನೆಗೆ ಸೌದಿ ಸರಕಾರ ಉಮ್ರಾ ಯಾತ್ರೆಯನ್ನೇ ನಿಲ್ಲಿಸಿತ್ತು. ಮಲೇಶ್ಯಾದ ಕೌಲಾಲಂಪುರದಲ್ಲಿ ಇದೇ ಜಮಾತಿನ ದೊಡ್ಡ ಸಮಾವೇಶದಿಂದ ರೋಗ ಹಬ್ಬಿದ ಸುದ್ದಿ ಬಂದಿತ್ತು. ಅಷ್ಟಾದ ಮೇಲೂ ಜನರನ್ನು ಗುಂಪು ಸೇರಿಸಿದ್ದು ಸರಿಯಲ್ಲ. ಪ್ಲೇಗ್ ಇರುವ ಊರಿಗೆ ಹೋಗಬೇಡಿ, ನೀವಿರುವ ಊರಿಗೆ ಪ್ಲೇಗ್ ಬಂದರೆ ಅಲ್ಲಿಂದ ಓಡಬೇಡಿ ಎಂಬ ಪ್ರವಾದಿ(ಸ)ರ ಉಪದೇಶ ಮದ್ರಸದ ಮಕ್ಕಳಿಗೂ ಗೊತ್ತು. ಸಿರಿಯಾದತ್ತ ಹೊರಟಿದ್ದ ಖಲೀಫಾ ಉಮರ್(ರ) ಅಮ್ವಾಸಿನ ಪ್ಲೇಗಿನ ಸುದ್ದಿ ಕೇಳಿ ಸರ್ಗ್ ಎಂಬಲ್ಲಿಂದ ಹಿಂದಿರುಗಿದರು. ದೇವರ ವಿಧಿಯಿಂದ ಓಡುತ್ತಿದ್ದೀರಾ ಎಂದು ಅಬೂ ಉಬೈದಾ(ರ) ಕೇಳಿದಾಗ, ದೇವರ ಒಂದು ವಿಧಿಯಿಂದ ದೇವರದೇ ಇನ್ನೊಂದು ವಿಧಿಯೆಡೆಗೆ ಹೋಗುತ್ತಿದ್ದೇನೆ ಎಂಬರ್ಥದ ಉತ್ತರ ಕೊಟ್ಟರು. ಇಂಥ ಪರಂಪರೆಯಿರುವವರು ಸರಕಾರದ ಆದೇಶಕ್ಕಾಗಿ ಕಾಯಬೇಕಾಗಿರಲಿಲ್ಲ.

ಆದರೆ ಎಚ್ಚರಗೇಡಿತನ ಬೇರೆ, ಷಡ್ಯಂತ್ರ ಬೇರೆ. ಮೊದಲನೆಯದರಲ್ಲಿ ಜಮಾತಿಗೆ ಪಾಲಿತ್ತು. ಸ್ಟೇಡಿಯಂ ತುಂಬಿಸಿದವರಿಗೂ, ವೀಸಾ ಕೊಟ್ಟು ವಿಮಾನ ಇಳಿಸಿಕೊಂಡವರಿಗೂ ಪಾಲಿತ್ತು. ಎರಡನೆಯದನ್ನು ಟಿ.ವಿ. ಸ್ಟುಡಿಯೋಗಳಲ್ಲಿ ತಯಾರಿಸಲಾಯಿತು. 'ಕೊರೋನಾ ಜಿಹಾದ್' ಎಂಬ ಪದ ಯಾವ ವೈದ್ಯರ ಬಾಯಿಂದಲೂ ಬಂದದ್ದಲ್ಲ. ಕಥೆ ಬರೆಯುವ ನನ್ನಂಥವರಿಗೆ ಈ ಆಮಿಷ ಚೆನ್ನಾಗಿ ಗೊತ್ತು. ಖಳನಾಯಕ ಸಿಕ್ಕಿಬಿಟ್ಟರೆ ಕಥೆ ಸಲೀಸಾಗಿ ಓಡುತ್ತದೆ, ಉಳಿದ ಪಾತ್ರಗಳ ತಪ್ಪುಗಳು ಯಾರ ಕಣ್ಣಿಗೂ ಬೀಳುವುದಿಲ್ಲ.

ಅಂಕಿ-ಅಂಶದ ಕೈಚಳಕವನ್ನೂ ನೋಡಿ. 2020ರ ಎಪ್ರಿಲ್ 18ರಂದು ಕೇಂದ್ರ ಆರೋಗ್ಯ ಇಲಾಖೆ ದೇಶದ 14,378 ಪ್ರಕರಣಗಳಲ್ಲಿ 4,291 ಮರ್ಕಝಿಗೆ ಸಂಬಂಧಿಸಿದ್ದು ಎಂದು ಲೆಕ್ಕ ಕೊಟ್ಟಿತು. ಶೇಕಡಾ 29.8. ಸಂಖ್ಯೆ ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ಪರೀಕ್ಷಾ ಕಿಟ್‌ಗಳೇ ಸಾಕಷ್ಟಿಲ್ಲದ ದಿನಗಳವು. ಒಂದು ಗುಂಪಿನವರನ್ನೂ ಅವರ ಸಂಪರ್ಕಕ್ಕೆ ಬಂದವರನ್ನೂ ಊರೂರು ಹುಡುಕಿ ಪರೀಕ್ಷಿಸಿ, ಉಳಿದವರನ್ನು ಜ್ವರ ಬಂದರೂ ಪರೀಕ್ಷಿಸದೆ ಬಿಟ್ಟರೆ ರೋಗ ಎಲ್ಲಿ ಸಿಗುತ್ತದೆ? ಒಂದೇ ಕೆರೆಗೆ ಬಲೆ ಬೀಸಿ ಮೀನೆಲ್ಲ ಇದೇ ಕೆರೆಯಲ್ಲಿದೆ ಎಂದ ಹಾಗಾಯಿತು.

ಈ ಲೆಕ್ಕ ದಿಲ್ಲಿಯ ಪತ್ರಿಕಾಗೋಷ್ಠಿಯಲ್ಲಿ ಉಳಿಯಲಿಲ್ಲ. ತಳ್ಳುಗಾಡಿಯಲ್ಲಿ ಹಣ್ಣು ಮಾರುವವನ ಹೆಸರು ಕೇಳಿ ಕೊಳ್ಳುವ ಕಾಲ ಬಂತು. ಹಳ್ಳಿಗಳ ಬಾಗಿಲಲ್ಲಿ ನಮ್ಮವರಿಗೆ ಪ್ರವೇಶವಿಲ್ಲವೆಂಬ ಡಂಗುರ ಕೇಳಿಸಿತು. ಪರೀಕ್ಷೆಗೆ ಬಾರದ ತಬ್ಲೀಗಿನವರನ್ನು ಗುಂಡಿಟ್ಟು ಕೊಂದರೂ ತಪ್ಪಿಲ್ಲವೆಂದು ನಮ್ಮ ರಾಜ್ಯದ ಶಾಸಕರಾಗಿದ್ದ ಎಂ.ಪಿ. ರೇಣುಕಾಚಾರ್ಯರು ಹೇಳಿದರು. ಅದೇ ಪಕ್ಷದ, ಆಗ ಮುಖ್ಯಮಂತ್ರಿಯಾಗಿದ್ದ ಯಡಿಯೂರಪ್ಪನವರು ಮುಸ್ಲಿಮರ ವಿರುದ್ಧ ಯಾರೂ ಒಂದು ಮಾತೂ ಆಡಕೂಡದು, ಆಡಿದರೆ ಕ್ರಮ ಕೈಗೊಳ್ಳುತ್ತೇನೆ ಎಂದದ್ದೂ ಅದೇ ವಾರಗಳಲ್ಲಿ. ಅದನ್ನು ನೆನೆಯದಿದ್ದರೆ ತಪ್ಪಾದೀತು. ಆ ಮಾತಿಗೆ ಅವರ ಪಕ್ಷದಲ್ಲೇ ಎಷ್ಟು ಬೆಲೆ ಸಿಕ್ಕಿತೆಂಬುದು ಬೇರೆ ವಿಚಾರ.

ಇನ್ನು ನಮ್ಮ ಕೇರಿಗಳ ಮಾತು. ಎಪ್ರಿಲ್ ಆರಂಭದಲ್ಲಿ ಬೆಂಗಳೂರಿನಲ್ಲಿ ಸಮೀಕ್ಷೆಗೆ ಹೋದ ಆಶಾ ಕಾರ್ಯಕರ್ತೆಯನ್ನು ತಡೆದು ಹಲ್ಲೆ ನಡೆಸಿದರು. ಎಪ್ರಿಲ್ 19ರಂದು ಪಾದರಾಯನಪುರದಲ್ಲಿ ಕ್ವಾರಂಟೈನ್‌ಗೆ ಕರೆದೊಯ್ಯಲು ಬಂದವರ ಮೇಲೆ ಗುಂಪು ತಿರುಗಿಬಿತ್ತು. ಇದು ನಾಚಿಕೆಗೇಡು. ಮನೆಮನೆ ತಿರುಗಿ ಜ್ವರ ಕೇಳುವ ಆ ಹೆಣ್ಣುಮಗಳು ಸರಕಾರದಲ್ಲಿ ಎಲ್ಲರಿಗಿಂತ ಕಡಿಮೆ ಸಂಬಳಕ್ಕೆ ದುಡಿಯುವವಳು. ಅವಳ ಮೇಲೆ ಕೈ ಮಾಡುವುದು ಯಾವ ಪೌರುಷ? ಆದರೆ ಆ ಭಯ ಎಲ್ಲಿಂದ ಬಂತೆಂದು ಯಾರಾದರೂ ಕೇಳಿದರೇ? 2019ರ ಡಿಸೆಂಬರಿನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆ ಬಂದಿತ್ತು. ಎನ್‌ಆರ್‌ಸಿ ಬರುತ್ತದೆ, ಕಾಗದ ಸಿದ್ಧವಿಟ್ಟುಕೊಳ್ಳಿ ಎಂಬ ಮಾತು ಪ್ರತಿ ಮನೆಯ ನಿದ್ದೆ ಕೆಡಿಸಿತ್ತು. ಮೂರು ತಿಂಗಳಾಗುವಷ್ಟರಲ್ಲಿ ರಿಜಿಸ್ಟರ್ ಹಿಡಿದು ಬಾಗಿಲಿಗೆ ಬಂದವರು ಹೆಸರು, ವಯಸ್ಸು, ಮನೆಯಲ್ಲಿ ಎಷ್ಟು ಜನ ಎಂದು ಕೇಳಿದರೆ, ಇದು ಬರೀ ಜ್ವರದ ಲೆಕ್ಕವೆಂದು ಅಕ್ಷರ ಬಾರದ ಅಜ್ಜಿ ಹೇಗೆ ನಂಬಬೇಕು? ಸಾಂಕ್ರಾಮಿಕ ರೋಗವನ್ನು ಹಿಡಿಯಲು ಔಷಧಕ್ಕಿಂತ ಮೊದಲು ಬೇಕಾದದ್ದು ನಂಬಿಕೆ. ಅದನ್ನು ರಾಜಕಾರಣ ಮೊದಲೇ ಕೆಡಿಸಿಟ್ಟಿತ್ತು.

ಅದೇ ಎಪ್ರಿಲಿನ ಕೊನೆಗೆ ರಮಝಾನ್ ಬಂತು. ಮಸೀದಿಗಳ ಬಾಗಿಲು ಮುಚ್ಚಿದ್ದವು. ಜುಮಾ ಇಲ್ಲ, ತರಾವೀಹ್ ಜಮಾತಿಲ್ಲ, ಈದ್‌ಗಾಹ್ ಖಾಲಿ. ಬದುಕಿನಲ್ಲಿ ಒಂದು ಜುಮಾ ತಪ್ಪಿಸದ ಮುದುಕರು ಮನೆಯ ಮೂಲೆಯಲ್ಲಿ ಚಾಪೆ ಹಾಸಿದರು. ಇದು ಸುದ್ದಿಯಾಗಲಿಲ್ಲ.

ಖಳನಾಯಕನ ಮರೆಯಲ್ಲಿ ಏನೇನು ನಡೆದುಹೋಯಿತು? ಕಟ್ಟಡ ಕಾರ್ಮಿಕರು ಊರಿಗೆ ಹೋಗಬೇಕೆಂದು ಅಂಗಲಾಚುತ್ತಿದ್ದಾಗ, ಬಿಲ್ಡರ್‌ಗಳ ಜೊತೆ ಸಭೆ ನಡೆಸಿ 2020ರ ಮೇ ಮೊದಲ ವಾರದಲ್ಲಿ ಅವರ ರೈಲುಗಳನ್ನೇ ರದ್ದು ಮಾಡಿದ್ದು ನಮ್ಮ ಕರ್ನಾಟಕ ಸರಕಾರ. ದೇಶವೆಲ್ಲ ಉಗಿದ ಮೇಲೆ ರೈಲು ಬಿಟ್ಟರು. ಮೇ 8ರಂದು ಮಹಾರಾಷ್ಟ್ರದ ಔರಂಗಾಬಾದ್ ಬಳಿ ನಡೆದು ದಣಿದು ಹಳಿಯ ಮೇಲೆ ಮಲಗಿದ 16 ಕಾರ್ಮಿಕರ ಮೇಲೆ ಗೂಡ್ಸ್ ರೈಲು ಹರಿಯಿತು. ಸೆಪ್ಟೆಂಬರಿನಲ್ಲಿ ವಲಸೆ ಕಾರ್ಮಿಕರ ಸಾವಿನ ಲೆಕ್ಕ ಕೇಳಿದರೆ, ಅಂಥ ಮಾಹಿತಿ ಇಲ್ಲವೆಂದು ಕೇಂದ್ರ ಸರಕಾರ ಸಂಸತ್ತಿಗೆ ಹೇಳಿತು. ತಬ್ಲೀಗಿನವರನ್ನು ದಶಮಾಂಶದವರೆಗೆ ಎಣಿಸಿದವರಿಗೆ ದಾರಿಯಲ್ಲಿ ಸತ್ತವರನ್ನು ಎಣಿಸಲಾಗಲಿಲ್ಲ!

2021ರ ಎಪ್ರಿಲಿನಲ್ಲಿ, ಎರಡನೆಯ ಅಲೆ ಏಳುತ್ತಿದ್ದಾಗಲೇ, ಹರಿದ್ವಾರದಲ್ಲಿ ಕುಂಭಮೇಳಕ್ಕೆ ಲಕ್ಷಾಂತರ ಜನ ಸೇರಿದರು. ಅದನ್ನು ಮರ್ಕಝಿಗೆ ಹೋಲಿಸಬಾರದೆಂದು ಉತ್ತರಾಖಂಡದ ಅಂದಿನ ಮುಖ್ಯಮಂತ್ರಿ ತೀರಥ್ ಸಿಂಗ್ ರಾವತ್ ಹೇಳಿದರು. ಒಪ್ಪಿದೆ. ಗಂಗೆಯಲ್ಲಿ ಮಿಂದ ಆ ಭಕ್ತರನ್ನು 'ಬಾಂಬ್' ಎಂದು ಕರೆಯುವ ಪಾಪ ನನಗೆ ಬೇಡ. ಅವರನ್ನು ಕರೆದವರು, ಅನುಮತಿ ಕೊಟ್ಟವರು ಉತ್ತರಿಸಲಿ.

ಮುಂದಿನ ತಿಂಗಳಿನ ಮೂರು ದಿನಗಳನ್ನು ಕನ್ನಡಿಗರು ಮರೆಯಬಾರದು. ಮೇ 2 ಮತ್ತು 3ರ ನಡುವೆ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ಮಂದಿ ಸತ್ತರು. ಆಕ್ಸಿಜನ್ ಕೊರತೆಯಿಂದ ಸತ್ತವರು ಮೂವರು ಮಾತ್ರ ಎಂದಿತು ಸರಕಾರ. ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡರ ನೇತೃತ್ವದಲ್ಲಿ ಹೈಕೋರ್ಟ್ ನೇಮಿಸಿದ ಸಮಿತಿಯ ವರದಿ ಆ ಮಾತನ್ನು ಒಪ್ಪಲಿಲ್ಲ. ಮೇ 4ರಂದು, ಅಂದರೆ ಚಾಮರಾಜನಗರದ ಹೆಣಗಳು ಮಣ್ಣಾಗುತ್ತಿದ್ದಾಗ, ಸಂಸದ ತೇಜಸ್ವಿ ಸೂರ್ಯ ಅವರು ಶಾಸಕರ ಜೊತೆ ಬೆಂಗಳೂರು ಪಾಲಿಕೆಯ ವಾರ್ ರೂಮಿಗೆ ನುಗ್ಗಿದರು. ಹಾಸಿಗೆ ಹಂಚಿಕೆಯಲ್ಲಿ ಹಗರಣವಾಗಿದೆ ಎಂಬುದು ಅವರ ದೂರು, ಹಗರಣವಿದ್ದರೆ ಬಯಲಿಗೆಳೆಯಬೇಕಾದ್ದೇ. ಆದರೆ ಅಲ್ಲಿ ಕೆಲಸ ಮಾಡುತ್ತಿದ್ದ ಸುಮಾರು ಇನ್ನೂರು ಜನರಲ್ಲಿ ಮುಸ್ಲಿಮರ ಹೆಸರುಗಳನ್ನು ಮಾತ್ರ ಆರಿಸಿ, ಕ್ಯಾಮರಾದ ಮುಂದೆ ಓದಿದ್ದೇಕೆ? ನೇಮಕ ಮಾಡಿಕೊಂಡದ್ದು ಮದ್ರಸಕ್ಕೋ ಎಂಬ ಪ್ರಶ್ನೆಯೂ ಬಂತು. ಫೋನಿನ ಮುಂದೆ ಕೂತು ಪರರ ಉಸಿರಿಗಾಗಿ ಹಾಸಿಗೆ ಹುಡುಕುತ್ತಿದ್ದ ಆ ಹುಡುಗರನ್ನು ಕೆಲಸದಿಂದ ತೆಗೆದರು, ಪೊಲೀಸರು ವಿಚಾರಿಸಿದರು, ಏನೂ ಸಿಗಲಿಲ್ಲ. ಅಷ್ಟರಲ್ಲಿ ಆ ಹೆಸರುಗಳ ಪಟ್ಟಿ ವಾಟ್ಸಾಪಿನಲ್ಲಿ ಊರೆಲ್ಲ ಸುತ್ತಿತ್ತು. ಚಾಮರಾಜನಗರದಲ್ಲಿ ಸತ್ತ 24 ಜನರ ಹೆಸರುಗಳನ್ನು ಯಾರೂ ಹಾಗೆ ಓದಲಿಲ್ಲ.

ಆ ವರ್ಷ ನಮ್ಮ ಯುವಕರು ಅನೇಕ ಊರುಗಳಲ್ಲಿ ಹಿಂದೂ ಬಾಂಧವರ ಶವಗಳಿಗೆ ಹೆಗಲು ಕೊಟ್ಟು ಚಿತೆಯವರೆಗೆ ಹೊತ್ತರು. ದಿಲ್ಲಿಯಲ್ಲಿ ಗುಣಮುಖರಾದ ತಬ್ಲೀಗಿನವರು ಸಾಲುಗಟ್ಟಿ ಪ್ಲಾಸ್ಮಾ ಕೊಟ್ಟರು. (ಪ್ಲಾಸ್ಮಾದಿಂದ ಹೇಳಿಕೊಳ್ಳುವಂಥ ಲಾಭವಿಲ್ಲವೆಂದು ಆಮೇಲೆ ಗೊತ್ತಾಯಿತು, ಕೊಟ್ಟವರ ಮನಸ್ಸು ಅದರಿಂದ ಸಣ್ಣದಾಗುವುದಿಲ್ಲ.) ನಮ್ಮ ಸಭೆಗಳಲ್ಲಿ ಇದನ್ನೇ ಹೆಮ್ಮೆಯಿಂದ ಪಟ್ಟಿ ಮಾಡುತ್ತೇವೆ. ನನಗೇಕೋ ಆ ಪಟ್ಟಿ ಓದುವುದು ಇಷ್ಟವಾಗುವುದಿಲ್ಲ. ಹೆಣ ಹೊತ್ತ ಮೇಲೆಯೇ ನಾವು ಮನುಷ್ಯರೆಂದು ಸಾಬೀತಾಗಬೇಕೇ? ಏನೂ ಸೇವೆ ಮಾಡದೆ, ಹೆದರಿ ಮನೆಯೊಳಗೆ ಕೂತ ಒಬ್ಬ ಸಾಧಾರಣ ಮುಸ್ಲಿಮನಿಗೂ ರೋಗದ ಆರೋಪವಿಲ್ಲದೆ ಬದುಕುವ ಹಕ್ಕಿದೆ.

2020ರ ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ವಿದೇಶೀ ತಬ್ಲೀಗ್ ಸದಸ್ಯರ ಮೇಲಿನ ಪ್ರಕರಣಗಳನ್ನು ರದ್ದುಗೊಳಿಸಿ, ಅವರನ್ನು ಬಲಿಪಶು ಮಾಡಲಾಗಿದೆ ಎಂದಿತು. ಮಾಧ್ಯಮಗಳ ಅಪಪ್ರಚಾರವನ್ನೂ ಟೀಕಿಸಿತು. ಡಿಸೆಂಬರಿನಲ್ಲಿ ದಿಲ್ಲಿಯ ನ್ಯಾಯಾಲಯ 36 ವಿದೇಶೀಯರನ್ನು ಖುಲಾಸೆ ಮಾಡಿತು. 2025ರ ಜುಲೈಯಲ್ಲಿ ದಿಲ್ಲಿ ಹೈಕೋರ್ಟ್ ಅವರಿಗೆ ಆಶ್ರಯ ಕೊಟ್ಟ 70 ಭಾರತೀಯರ ಮೇಲಿನ 16 ಪ್ರಕರಣಗಳನ್ನೂ ರದ್ದು ಮಾಡಿತು. ಆರೋಪಕ್ಕೆ ಒಂದು ರಾತ್ರಿ ಸಾಕಾಗಿತ್ತು, ಅದು ಅಳಿಯಲು ಐದು ವರ್ಷ ಹಿಡಿಯಿತು.

ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಕೊಟ್ಟ ಅಂದಾಜಿನಂತೆ 2020 ಮತ್ತು 2021ರಲ್ಲಿ ಭಾರತದಲ್ಲಿ ಪಿಡುಗಿನಿಂದಾದ ಹೆಚ್ಚುವರಿ ಸಾವುಗಳು ಸುಮಾರು 47 ಲಕ್ಷ. ಸರಕಾರದ ಲೆಕ್ಕ 5 ಲಕ್ಷವನ್ನೂ ಮುಟ್ಟುವುದಿಲ್ಲ. ಸರಕಾರ ಆ ಅಂದಾಜನ್ನು ಒಪ್ಪಿಲ್ಲ. ಒಪ್ಪದಿರಲಿ, ತನ್ನ ಲೆಕ್ಕವನ್ನಾದರೂ ಊರೂರಿನ ಸ್ಮಶಾನ, ಕಬರ್‌ಸ್ತಾನಗಳ ದಾಖಲೆ ಮುಂದಿಟ್ಟು ತೋರಿಸಲಿ. ಮತ್ತು 2020ರ ಎಪ್ರಿಲಿನಲ್ಲಿ ರಾತ್ರಿಯಿಡೀ ಕೆಂಪಕ್ಷರದಲ್ಲಿ ಜಿಹಾದ್ ಎಂದು ಕಿರುಚಿದ ಚಾನೆಲ್‌ಗಳು, ಮೂರು ನ್ಯಾಯಾಲಯಗಳ ಈ ತೀರ್ಪುಗಳನ್ನು ಅದೇ ಹೊತ್ತಿಗೆ, ಅದೇ ಅಕ್ಷರದಲ್ಲಿ, ಅಷ್ಟೇ ದಿನ ಓದಲಿ. ಹಣ್ಣಿನ ಗಾಡಿಯವನು ಪರಿಹಾರ ಕೇಳುತ್ತಿಲ್ಲ. ಆ ಸುದ್ದಿಯನ್ನು ತನ್ನ ಬೀದಿಯವರು ಒಮ್ಮೆ ಕೇಳಲಿ ಎಂದಷ್ಟೇ ಕಾಯುತ್ತಿದ್ದಾನೆ.